ಮಾವ ಬಿಟ್ಟ ಮೀನು, ಮಾವ ಹಿಡಿದ ಮೀನು

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ನನ್ನ ದೆಸೆಯಿಂದ ಮೂರು ವರ್ಷ ಮೀನು ತಿನ್ನಲಿಲ್ಲ. ಇದು ನಾನು ಹೇಳುವ ಮಾತಲ್ಲ, ಅವರ ಊರಾದ ಬಿಜೂರಿನಿಂದ ಉಪ್ಪುಂದದವರೆಗೆ ಊರಿಗೆ ಊರೇ ಹೇಳುತ್ತಿದ್ದ ಮಾತು. ಕೋಟೇಶ್ವರದಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡು, ಜೆರಾಕ್ಸ್ ತೆಗೆದುಕೊಂಡು, ಬಿಡುವಿನಲ್ಲಿ ಏನೋ ಬರೆದುಕೊಂಡು, ಯಾರ ತಂಟೆಗೂ ಹೋಗದೆ ಬದುಕುತ್ತಿದ್ದ ನನಗೆ ಈ ಕೀರ್ತಿ ಬೇಡವಾಗಿತ್ತು. ಆದರೆ ಬಂದಾಗಿತ್ತು.

ಮಾವನ ಮೀನಿನ ಹುಚ್ಚು ಸಾಮಾನ್ಯದ್ದಲ್ಲ. ಗದ್ದೆ, ತೆಂಗಿನ ತೋಟ, ನಾಲ್ಕು ದನ ಎಲ್ಲ ಇದ್ದವು, ಆದರೆ ಅವರ ಪ್ರಾಣವಿದ್ದದ್ದು ಗಾಳದ ತುದಿಯಲ್ಲಿ. ಮೀನಿಲ್ಲದ ಊಟವನ್ನು ಅವರು ಊಟವೆಂದೇ ಒಪ್ಪುತ್ತಿರಲಿಲ್ಲ, "ಇವತ್ತ್ ಬರೀ ತಿಂಡಿ" ಎಂದು ಕೈ ತೊಳೆಯುತ್ತಿದ್ದರು. ಅಂಥ ಮನುಷ್ಯ, ನಮಗೆ ಮದುವೆಯಾಗಿ ಎರಡು ವರ್ಷ ಕಳೆದ ಮೇಲೆ ಒಂದು ದಿನ ನೆಂಟರ ಮನೆಯ ಔತಣದಲ್ಲಿ, ಬಡಿಸಲು ಬಂದ ಅಂಜಲ್ ಫ್ರೈಗೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ಮಗಳ ಮಗುವನ್ನು ತೊಟ್ಟಿಲಿಗೆ ಹಾಕುವ ತನಕ ಮೀನು ಮುಟ್ಟುವುದಿಲ್ಲ, ದೇವರಿಗೆ ಹರಕೆ ಹೊತ್ತಿದ್ದೇನೆ ಎಂದು ಪಂಕ್ತಿಯ ಆ ತುದಿಯವರೆಗೂ ಕೇಳುವ ಹಾಗೆ ಸಾರಿದರು. ಎರಡು ಎಲೆಯಾಚೆ ಕೂತಿದ್ದ ನನ್ನ ಬಾಯಲ್ಲಿ ಆಗ ಅದೇ ಅಂಜಲ್ ಇತ್ತು. ನುಂಗುವುದೋ ಉಗುಳುವುದೋ ಗೊತ್ತಾಗಲಿಲ್ಲ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಬಸ್ಸಿನಲ್ಲಿ ಸಿಕ್ಕವರು, ಮದುವೆಯಲ್ಲಿ ಸಿಕ್ಕವರು, ಕೊನೆಗೆ ಮೀನು ಮಾರುವ ಹೆಂಗಸು ಕೂಡ ಬುಟ್ಟಿ ಇಳಿಸಿ, ಪಾಪ, ನಿಮ್ಮ ಮಾವ ಇನ್ನೂ ತಿನ್ನುವುದಿಲ್ಲವಂತಲ್ಲ ಎಂದು ನನ್ನ ಮುಖ ನೋಡುತ್ತಿದ್ದಳು. ಅವಳ ವ್ಯಾಪಾರ ಕೆಟ್ಟದ್ದಕ್ಕೂ ನಾನೇ ಕಾರಣ. ಮಾವನೋ ತಿನ್ನುವುದು ಬಿಟ್ಟರೇ ಹೊರತು ಹಿಡಿಯುವುದು ಬಿಡಲಿಲ್ಲ. ನಾವು ಬಿಜೂರಿಗೆ ಹೋದಾಗಲೆಲ್ಲ ಹೊಳೆಯಿಂದ ಮೀನು ತಂದು ನನಗೆ ಬಡಿಸಿ, ತಾವು ಸೌತೆಕಾಯಿ ಹುಳಿ ಕಲಸಿಕೊಂಡು ಎದುರು ಕೂತು, ನಾನು ಮುಳ್ಳು ಬಿಡಿಸುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ತಿನ್ನಿ, ತಿನ್ನಿ, ನಂಗೆ ಕಂಡ್ರೆ ಸಾಕ್" ಎನ್ನುತ್ತಿದ್ದರು. ಒಬ್ಬ ಮನುಷ್ಯ ಹಾಗೆ ನೋಡುತ್ತಿರುವಾಗ ಮೀನು ತಿಂದು ನೋಡಿ, ಆಮೇಲೆ ನನ್ನ ಕಷ್ಟ ತಿಳಿಯುತ್ತದೆ.

ಅಂತೂ ಎರಡು ಸಾವಿರದ ನಾಲ್ಕರಲ್ಲಿ ಮಗಳು ಹುಟ್ಟಿದಳು. ಡಿಸೆಂಬರಿನ ಒಂದು ಶನಿವಾರ ಬಿಜೂರಿನ ಮನೆಯಲ್ಲಿ ತೊಟ್ಟಿಲ ಶಾಸ್ತ್ರ ಮುಗಿಯಿತು. ಹರಕೆ ತೀರಿತು. ಮಾರನೇ ದಿನ ಭಾನುವಾರ ಮಾವನ ಮೀನೂಟ. ಸೋಮವಾರ ಆ ಮನೆಯಲ್ಲಿ ಮೀನಿನ ಹೆಸರೆತ್ತುವಂತಿಲ್ಲ, ಮಂಗಳವಾರ ನಾವು ಕೋಟೇಶ್ವರಕ್ಕೆ ಹೊರಡುವುದು. ಹಾಗಾಗಿ ಭಾನುವಾರವೇ ಆಗಬೇಕು, ತಮ್ಮ ಮಗಳ ಕೈಯಲ್ಲೇ ಬಡಿಸಿಕೊಂಡು ಉಣ್ಣಬೇಕು, ಅದೂ ತಾವೇ ಹಿಡಿದ ಕೆಂಬೇರಿಯೇ ಆಗಬೇಕು ಎಂದು ಮಾವನ ಹಟ. ಕೆಂಬೇರಿ ಅಂದರೆ ಹೊಳೆಬದಿಯ ಬೇರುಗಳ ಸಂದಿಯಲ್ಲಿ ಇರುವ ಕೆಂಪು ಮೀನು, ಜಗಳಗಂಟ ಜಾತಿ, ರುಚಿ ಮಾತ್ರ ಹೇಳಿ ಪ್ರಯೋಜನವಿಲ್ಲ. ಅದು ಸಿಗುವ ಜಾಗ ಮಾವನೊಬ್ಬರಿಗೇ ಗೊತ್ತು. ಮೂವತ್ತು ವರ್ಷದಿಂದ ಯಾರನ್ನೂ ಅವರು ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ. ಆ ವರ್ಷ ಮಂಡಿನೋವು ಜೋರಾದ್ದರಿಂದ, ವಿಧಿಯಿಲ್ಲದೆ, ಅಳಿಯನನ್ನು ಕರೆದರು.

ಗುಟ್ಟು ಉಳಿಸಿಕೊಳ್ಳಲು ಅವರು ಮಾಡುತ್ತಿದ್ದ ಉಪಾಯವೂ ಹಾಗೇ ಇತ್ತು. ಗಾಳದ ಕೋಲನ್ನು ಮಡಚಿದ ಕೊಡೆಯೊಳಗೆ ತೂರಿಸಿ, ಸಿಗಡಿಯ ಪೊಟ್ಟಣವನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಹೊರಡುವುದು. ಡಿಸೆಂಬರಿನ ಬಿಸಿಲಿನಲ್ಲಿ ಕರಿ ಕೊಡೆ ಹಿಡಿದು, ಸಿಗಡಿ ವಾಸನೆ ಬೀರುತ್ತಾ ಹೋಗುವ ಮನುಷ್ಯನನ್ನು ಕಂಡು ಯಾರಿಗೂ ಸಂಶಯ ಬರುವುದಿಲ್ಲ ಎಂದು ಅವರ ನಂಬಿಕೆ.

ಇನ್ನೊಂದು ನಂಬಿಕೆ ಅದಕ್ಕಿಂತ ಗಟ್ಟಿ. ನಮ್ಮ ಕಡೆ ಕೆಲಸಕ್ಕೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಟ್ಟಿತು. ಕೇಳಲೇಬೇಕಾದರೆ "ದೂರ ಹೊರಟ್ರ್ಯಾ" ಎನ್ನುತ್ತಾರೆ. ಉಳಿದವರು ಇದನ್ನು ಮದುವೆ ಮಾತುಕತೆಗೋ ಕೋರ್ಟಿಗೋ ಹೋಗುವಾಗ ಪಾಲಿಸಿದರೆ, ಮಾವ ಗಾಳಕ್ಕೆ ಹೋಗುವಾಗ ಪಾಲಿಸುತ್ತಿದ್ದರು. ಯಾರಾದರೂ ಬಾಯಿ ತಪ್ಪಿ ಕೇಳಿದರೆ ತಿರುಗಿ ಮನೆಗೆ ಬರಬೇಕು, ಕಾಲು ತೊಳೆಯಬೇಕು, ಜಗಲಿಯಲ್ಲಿ ಕೂತು ನೀರು ಕುಡಿದು ಮತ್ತೆ ಹೊರಡಬೇಕು.

ಏಳು ಗಂಟೆಗೆ ಹೊರಟೆವು. ಗದ್ದೆ ದಾಟುವಷ್ಟರಲ್ಲಿ ತೆಂಗಿನ ಮರದ ಮೇಲಿದ್ದ ಕಾಯಿ ಕೊಯ್ಯುವವನು ಕೂಗಿ ಕೇಳಿದ, ಎಲ್ಲಿಗೆ ಎಂದು. ತಿರುಗಿ ಬಂದೆವು. ಕಾಲು ತೊಳೆದೆವು, ನೀರು ಕುಡಿದೆವು. ಎರಡನೇ ಸಲ ತೋಡು ದಾಟುವ ಸಂಕದ ಹತ್ತಿರ ಡೇರಿಗೆ ಹಾಲು ಒಯ್ಯುವವರು ಸೈಕಲ್ ನಿಲ್ಲಿಸಿ ಕೇಳಿದರು. ಮತ್ತೆ ಮನೆ, ಕಾಲು, ನೀರು. ಅತ್ತೆ ಚೆಂಬು ತಂದು ಇಟ್ಟು ಒಳಗೆ ಹೋದರು. ಮೂರನೇ ಸಲ ಯಾರೂ ಸಿಗಲಿಲ್ಲ. ಮುಕ್ಕಾಲು ಗಂಟೆ ನಡೆದು ಹೊಳೆದಡದ ದರೆ ಮುಟ್ಟಿದೆವು. ಅಲ್ಲಿ ಕಾಲುದಾರಿ ಎರಡಾಗಿ ಒಡೆದಿತ್ತು. ಮುಂದೆ ನಡೆಯುತ್ತಿದ್ದ ನಾನು, ಮೂರ್ಖ, ಹಿಂತಿರುಗಿ, "ಮಾವ, ಇನ್ನ್ ಎಲ್ಲಿಗೆ?" ಎಂದು ಕೇಳಿಬಿಟ್ಟೆ.

ಮಾವ ನನ್ನನ್ನು ನೋಡಿದ ನೋಟವನ್ನು ಈಗಲೂ ಮರೆತಿಲ್ಲ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನೋಯುವ ಮಂಡಿಯನ್ನು ಒತ್ತಿಕೊಂಡು, ಬಂದ ದಾರಿಯಲ್ಲೇ ತಿರುಗಿ ನಡೆದರು. ನಾನು ಹಿಂದೆ ಹೋದೆ. ಆ ಚೆಂಬು ನೀರನ್ನು ಮೂರನೇ ಸಲ ಕುಡಿಯುವಾಗ ನನ್ನ ಹೊಟ್ಟೆಯಲ್ಲಿ ಕುಳುಕುಳು ಸದ್ದಾಗುತ್ತಿತ್ತು.

ಹೀಗೆ ಏಳಕ್ಕೆ ಹೊರಟವರು ಆ ಜಾಗ ಸೇರುವಾಗ ಹತ್ತೂವರೆ. ಜಾಗ ಎಲ್ಲಿ ಎಂದು ಬರೆಯುವುದಿಲ್ಲ, ಆದರೆ ಹೇಗಿತ್ತು ಎಂದು ಹೇಳಬಹುದು. ಹೊಳೆಯುದ್ದಕ್ಕೂ ಮುಂಡುಕದ ಹಿಂಡಲು, ಅಂದರೆ ಕೇದಿಗೆ ಜಾತಿಯ ಪೊದೆ, ಎಲೆಯ ಎರಡೂ ಅಂಚಿಗೆ ಗರಗಸದ ಹಾಗೆ ಮುಳ್ಳು. ನಡುವೆ ಬೆತ್ತದ ಬಳ್ಳಿ. ಅದರಡಿ ನಾಯಿ ತೂರುವಷ್ಟು ಒಂದು ಕಂಡಿ. ಮಾವ ಮಂಡಿನೋವಿನ ಮನುಷ್ಯ, ಆ ಕಂಡಿಯಲ್ಲಿ ನಾಲ್ಕು ಕಾಲಲ್ಲಿ ಸರಸರ ಹೋಗಿಬಿಟ್ಟರು. ನನ್ನ ಅಂಗಿಯ ಬೆನ್ನು ಅಲ್ಲೇ ಉಳಿಯಿತು. ಆಚೆಗೆ ಸಣ್ಣ ತೋಡು, ಇಳಿತದಲ್ಲಿ ಮಂಡಿಯಷ್ಟು ನೀರು. ಅದನ್ನು ದಾಟಿದರೆ ಹೊಳೆಯ ಮೇಲೆ ಬಾಗಿದ ಹೊನ್ನೆ ಮರ, ಅದರಡಿ ಕೂರಲು ಎರಡು ಮೊಳ ನೆಲ. ಸಮುದ್ರದ ಉಬ್ಬರ ಹೊಳೆಯೊಳಗೆ ಏರಿ ಬಂದರೆ ತೋಡು ಆಳುದ್ದ ತುಂಬುತ್ತದೆ, ಮತ್ತೆ ಇಳಿಯುವವರೆಗೆ ವಾಪಸು ಬರಲಾಗದು. ಬೇಗ ಬಂದಿದ್ದರೆ ಮೂರು ಗಂಟೆ ಸಿಗುತ್ತಿತ್ತು. ನಮಗೆ ಸಿಕ್ಕಿದ್ದು ಅರ್ಧ ಗಂಟೆ.

ಆ ಅರ್ಧ ಗಂಟೆಯಲ್ಲಿ ಏನೂ ಕಚ್ಚಲಿಲ್ಲ. ಇನ್ನು ಹೊರಡಬೇಕು ಎಂದು ನಾನು ಎದ್ದ ಹೊತ್ತಿಗೆ ದಾರ ಬಿಗಿಯಿತು. ಕೆಂಬೇರಿ. ಕಚ್ಚಿದ ಕೂಡಲೇ ಅದು ಬೇರಿನ ಬುಡಕ್ಕೆ ನುಗ್ಗಿ ಕೂತಿತು. ಮಾವ ಎಳೆಯುತ್ತಾರೆ, ಅದು ಬರುವುದಿಲ್ಲ. ಇಪ್ಪತ್ತು ನಿಮಿಷ ಎಳೆದಾಟವಾಯಿತು. ಕೊನೆಗೆ ನಾನು ಎದೆಮಟ್ಟದ ನೀರಿಗಿಳಿದು, ಬೇರಿನ ಸಂದಿಗೆ ಕೈ ಹಾಕಿ, ಅದರಿಂದ ಎರಡು ಕಡೆ ಕಚ್ಚಿಸಿಕೊಂಡು, ಅಪ್ಪಿ ಹಿಡಿದು ಮೇಲೆ ತಂದೆ. ಮೂರು ಕಿಲೋಗೆ ಕಡಿಮೆಯಿಲ್ಲ. ಕಿವಿರಿಗೆ ಬಳ್ಳಿ ಪೋಣಿಸಿ, ಜೀವಂತ ಇರಲಿ ಎಂದು ನೀರಿನಲ್ಲೇ ಬೇರಿಗೆ ಕಟ್ಟಿದೆವು. ಮಾವನ ಮುಖದಲ್ಲಿ ಮೂರು ವರ್ಷದ ಹಸಿವು ಒಮ್ಮೆಗೇ ನಕ್ಕಿತು. ಆಮೇಲೆ ತಿರುಗಿ ನೋಡಿದರೆ ತೋಡು ತುಂಬಿ ಹರಿಯುತ್ತಿತ್ತು.

ಕೋಟೇಶ್ವರದ ದೊಡ್ಡ ಕೆರೆಯ ಪಕ್ಕದಲ್ಲೇ ಹುಟ್ಟಿ ಬೆಳೆದರೂ ನನಗೆ ಈಜು ಬಾರದು. ಮಾವನಿಗೆ ಮಂಡಿನೋವು. ಕೂತಿದ್ದ ಎರಡು ಮೊಳ ನೆಲವೂ ಮುಳುಗತೊಡಗಿದಾಗ ಇಬ್ಬರೂ ಹೊನ್ನೆ ಮರದ ಬಾಗಿದ ಕೊಂಬೆಗೆ ಹತ್ತಿದೆವು. ಮನೆಯಲ್ಲಿ ಅತ್ತೆ ಮಸಾಲೆ ಕಡೆದಿಟ್ಟು ಕಾಯುತ್ತಿದ್ದಾರೆ, ನೆಂಟರು ಬರುವವರಿದ್ದಾರೆ, ಇಲ್ಲಿ ಮಾವ ಅಳಿಯ ಮಂಗಗಳ ಹಾಗೆ ಕೊಂಬೆಯಲ್ಲಿ. ನೀರು ಇಳಿಯುವಾಗ ಮಧ್ಯಾಹ್ನ ಮೂರು ಗಂಟೆಯಾದೀತು ಎಂದು ಮಾವ ಶಾಂತವಾಗಿ ಹೇಳಿದರು.

ಅಷ್ಟರಲ್ಲಿ ದೋಣಿಯ ಹುಟ್ಟಿನ ಸದ್ದು ಕೇಳಿತು. ಎಲೆಯ ಸಂದಿಯಲ್ಲಿ ನೋಡಿದರೆ, ಮಾವನ ನೆರೆಮನೆಯವರು, ನಿವೃತ್ತ ಪೋಸ್ಟ್‌ಮ್ಯಾನ್. ಊರಿನ ಪ್ರತಿ ಮನೆಯ ವಿಳಾಸ ಗೊತ್ತಿದ್ದ ಆ ಮನುಷ್ಯನಿಗೆ ಸಿಕ್ಕದೆ ಉಳಿದಿದ್ದ ಒಂದೇ ವಿಳಾಸ ಮಾವನ ಈ ಜಾಗ. ಹುಡುಕುತ್ತಲೇ ಇದ್ದರು. ಒಂದು ಕೂಗು ಹಾಕಿದರೆ ಸಾಕು, ಒಂದು ಗಂಟೆಯೊಳಗೆ ಮನೆ. ನಾನು "ಹ್ವಾಯ್" ಎನ್ನಲು ಬಾಯಿ ತೆರೆದೆ, ಸಿಗಡಿ ವಾಸನೆಯ ಅಂಗೈಯೊಂದು ಬಂದು ಬಾಯಿ ಮುಚ್ಚಿತು. ಇನ್ನೊಂದು ಕೈಯಲ್ಲಿ ಮಾವ ಕರಿ ಕೊಡೆ ಬಿಡಿಸಿ, ಯಕ್ಷಗಾನದ ಪರದೆಯ ಹಾಗೆ ನಮ್ಮ ಮುಂದೆ ಹಿಡಿದರು. ದೋಣಿ ಹೊಳೆಯ ಮೇಲ್ಗಡೆಗೆ ಹೋಯಿತು.

ನನಗೆ ರೇಗಿತು. ಮೂರು ವರ್ಷದ್ದೆಲ್ಲ ಒಟ್ಟಿಗೆ ರೇಗಿತು. ಕೊಂಬೆಯ ಮೇಲೆ ಕೂತೇ ಎಲ್ಲ ಹೇಳಿದೆ. ನಿಮ್ಮ ಹರಕೆ ನಿಮ್ಮ ಮನಸ್ಸಿನಲ್ಲೇ ಇರಬಾರದಿತ್ತೇ, ಪಂಕ್ತಿಯಲ್ಲಿ ಕೂತು ಡಂಗುರ ಹೊಡೆಯಬೇಕಿತ್ತೇ, ಮೀನಿನವಳಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರೂ ನನ್ನನ್ನು ಅಪರಾಧಿಯ ಹಾಗೆ ನೋಡಿದ್ದು ನಿಮಗೆ ಗೊತ್ತೇ ಎಂದೆ. ಅಳಿಯನಾದವನು ಮಾವನಿಗೆ ಹೀಗೆ ಮಾತಾಡಬಾರದು, ಗೊತ್ತು. ಆದರೆ ಮರದ ಮೇಲೆ ಮರ್ಯಾದೆ ಉಳಿಯುವುದು ಕಷ್ಟ.

ಮಾವ ಕೊಡೆ ಮಡಚಿದರು. ನಿಧಾನವಾಗಿ ಹೇಳಿದರು. ಆ ಔತಣದ ದಿನ, ಊಟಕ್ಕೆ ಕೂರುವ ಮೊದಲು, ಒಳಗೆ ಹೆಂಗಸರು ನನ್ನ ಹೆಂಡತಿಯನ್ನು ನಡುವೆ ಕೂರಿಸಿಕೊಂಡು ಕೇಳಿದ್ದರಂತೆ, ಎರಡು ವರ್ಷವಾಯಿತು, ವಿಶೇಷ ಏನೂ ಇಲ್ಲವೇ, ಯಾರಲ್ಲಿ ತೊಂದರೆ, ಡಾಕ್ಟರ್ ಏನಂದರು ಎಂದು. ಒಬ್ಬರು ಅವಳ ಹೊಟ್ಟೆ ಮುಟ್ಟಿಯೂ ನೋಡಿದರಂತೆ. ಅವಳು ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಹಿಂದೆ ನಿಂತು ಅತ್ತದ್ದನ್ನು, ಕೈ ತೊಳೆಯಲು ಹೋದ ಮಾವ ಕಂಡಿದ್ದರು.

"ಊರೋರ ಬಾಯಿಗೆ ಎಂತಾರೂ ಒಂದ್ ಬೇಕಲೆ," ಎಂದರು. "ಮಗಳ ಸುದ್ದಿ ಮಾತಾಡುದ್ಕಿಂತ ನನ್ ಮೀನಿನ ಸುದ್ದಿ ಮಾತಾಡ್ಲಿ ಅಂದೆ. ಅವತ್ತಿಂದ ಅವ್ಳನ್ನ ಯಾರೂ ಕೇಂಡದ್ದಿಲ್ಲ. ನಂಗೇ ಕೇಣ್ತಿದ್ರ್, ನಿಮ್ಗೆ ಕೇಣ್ತಿದ್ರ್."

ನಿಜ. ಯೋಚಿಸಿ ನೋಡಿದೆ. ಮೂರು ವರ್ಷದಲ್ಲಿ ಜನ ಕೇಳಿದ್ದು ಮಾವ ಇನ್ನೂ ತಿನ್ನುವುದಿಲ್ಲವೇ ಎಂದೇ. ಆಮೇಲೆ ಮಾವ ಇನ್ನೊಂದು ಮಾತು ಸೇರಿಸಿದರು, "ಅವ್ಳಿಗ್ ಹೇಳುಕಾಗ. ಬಾವಿಕಟ್ಟಿ ಹತ್ರ ಅಪ್ಪ ಕಂಡದ್ದ್ ಗೊತ್ತಾರೆ ಅವ್ಳಿಗ್ ನಾಚ್ಕಿ ಆತ್ತ್." ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಹುಟ್ಟಿನ ಸದ್ದು ಮತ್ತೆ ಕೇಳಿತು. ಪೋಸ್ಟ್‌ಮ್ಯಾನ್ ವಾಪಸು ಬರುತ್ತಿದ್ದರು. ಈ ಸಲ ಕೊಡೆ ಬಿಡಿಸಿದ್ದು ನಾನು. ಅವರು ಸರಿಯಾಗಿ ನಮ್ಮ ಮರದ ನೇರಕ್ಕೆ ದೋಣಿ ನಿಲ್ಲಿಸಿ, ಬೀಡಿ ಹಚ್ಚಿ, ಮುಂಡುಕದ ಹಿಂಡಲನ್ನು ದಿಟ್ಟಿಸುತ್ತಾ ಕೂತರು. ಅದೇ ಹೊತ್ತಿಗೆ ಕೊಂಬೆಯ ಕೆಂಪು ಚಗಳಿ ಇರುವೆಗಳಿಗೆ ನನ್ನ ಹರಿದ ಅಂಗಿಯ ದಾರಿ ಸಿಕ್ಕಿತು. ಬೆನ್ನಿನಿಂದ ಇಳಿದು, ಬರೆಯಲಾಗದ ಜಾಗಗಳಿಗೆಲ್ಲ ಹೋಗಿ ಕಚ್ಚಿದವು. ನನ್ನ ಕಣ್ಣಲ್ಲಿ ನೀರು ಸುರಿಯಿತು, ಬಾಯಿಂದ ಒಂದು ಸ್ವರ ಹೊರಡಲಿಲ್ಲ. ಬೀಡಿ ಮುಗಿಯಿತು, ದೋಣಿ ಹೋಯಿತು. ಮಾವ ನನ್ನ ಭುಜ ತಟ್ಟಿದರು. ಮದುವೆಯಾದ ಐದು ವರ್ಷದಲ್ಲಿ ಅದೇ ಮೊದಲು.

ಮನೆ ಸೇರುವಾಗ ನಾಲ್ಕು ಗಂಟೆ. ನೆಂಟರು ಕಾದು ಕಾದು ಹೋಗಿಯಾಗಿತ್ತು. ಅತ್ತೆ ಬೈಯುತ್ತಲೇ ಮೀನು ಕೊಯ್ದರು, ಬೈಯುತ್ತಲೇ ಸಾರು ಕುದಿಸಿದರು. ಐದೂವರೆಗೆ ನಾವಿಬ್ಬರೂ ಊಟಕ್ಕೆ ಕೂತೆವು. ನನ್ನ ಹೆಂಡತಿ ಬಡಿಸಲು ಬಂದಳು. ತಂದೆಯ ತಟ್ಟೆಗೆ ಮೊದಲ ತುಂಡು ಹಾಕಿದಳು, ಅವರು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅವಳು ಸೌಟು ಹಿಡಿದು ಅಲ್ಲೇ ನಿಂತಳು.

"ಇನ್ನೊಂದ್ಸಲ ಹೀಂಗೆಲ್ಲ ಹರ್ಕಿ ಹೊರ್ಬೇಡಿ ಅಪ್ಪಯ್ಯ," ಎಂದಳು. "ಊರಿಡೀ ಹೇಳ್ಕಂಡ್ ಮೀನ್ ಬಿಟ್ರಿ. ನನ್ ಮರ್ಯಾದಿ ತೆಗ್ದದ್ದ್ ನೀವೇ."

ನಾನು ತಲೆ ಎತ್ತಿದೆ. ಮಾವ ನನ್ನತ್ತ ನೋಡಲೂ ಇಲ್ಲ. ಬಾಯಲ್ಲಿದ್ದುದನ್ನು ನುಂಗಿ, ಮುಳ್ಳನ್ನು ತಟ್ಟೆಯ ಅಂಚಿಗಿಟ್ಟು, "ಹೌದ್ ಮಗಾ, ತಪ್ಪಾಯ್ತ್. ಇನ್ನೊಂದ್ ತುಂಡ್ ಹಾಕ್" ಎಂದರು.

ಅವಳು ಹಾಕಿದಳು. ಅವರು ಆರು ತುಂಡು ತಿಂದರು. ನಾನು ಮಾತ್ರ ಆ ದಿನ ಒಂದೇ ತುಂಡಿಗೆ ಕೈ ತೊಳೆದೆ. ಮಾತು ಕೊಟ್ಟಿದ್ದೇನೆಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ. ಅವಳು ಈಗಲೂ ಸಿಟ್ಟು ಬಂದಾಗ ತಂದೆಗೆ ಆ ಮೂರು ವರ್ಷವನ್ನು ಎತ್ತಿ ಆಡುತ್ತಾಳೆ, ಅವರು ಈಗಲೂ ತಪ್ಪಾಯ್ತು ಎನ್ನುತ್ತಾರೆ. ಎದುರು ನಿಂತು ಹೇಳಲು ನನಗೆ ಧೈರ್ಯ ಸಾಲದು, ಅದಕ್ಕೇ ಇದನ್ನು ಬರೆದೆ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳೇ. ಓದಿ ಮುಗಿಸಿದ ಮೇಲೆ ನನಗೆ ಬೈದುಕೊಳ್ಳಲಿ, ಆದರೆ ಮೊದಲು ಬಿಜೂರಿಗೆ ಒಂದು ಫೋನ್ ಮಾಡಲಿ.