ಏಳನೇ ಫಾರಂ ಪ್ರೇಮಿ

ಬೈಂಡಿಂಗ್ ಶಾಪಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ 'ಏಳನೇ ಫಾರಂ' ಎಂದು. ಪುಸ್ತಕದ ಹದಿನಾರು ಪುಟಗಳಿರುವ ಒಂದು ದೊಡ್ಡ ಹಾಳೆಗೆ ಅಲ್ಲಿ ಫಾರಂ ಎನ್ನುತ್ತಾರೆ. ಒಬ್ಬೊಬ್ಬರು ಒಂದೊಂದನ್ನು ಮಡಚುತ್ತಾರೆ. ಇವನ ಪಾಲಿಗೆ ಯಾವಾಗಲೂ ಏಳನೆಯದೇ. ಮಡಚುತ್ತಾ ಓದುವ ಚಟ ಬೇರೆ. ಹೀಗಾಗಿ ನೂರಾರು ಕಾದಂಬರಿಗಳ ನಡುಭಾಗ ಅವನಿಗೆ ಬಾಯಿಪಾಠ. ಮೊದಲೇನು, ಕೊನೆಯೇನು ಎಂದು ಕೇಳಿದರೆ, ದೇವರೇ ಬಲ್ಲ. "ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ," ಎಂದು ಅವನಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಮೇಜಿನ ಆ ತುದಿಯಲ್ಲಿ ಕೊನೇ ಫಾರಂ ಮಡಚುವವಳೆಂದರೆ ಅವನಿಗೆ ಜೀವ. ಹೇಳಲು ಮಾತ್ರ ಬಾಯಿ ಬರದು. ಅಷ್ಟರಲ್ಲಿ ಅವಳು ಕೆಲಸ ಬಿಟ್ಟು ಅಣ್ಣನ ಊರಿಗೆ ಹೊರಡುವ ದಿನವೇ ಬಂತು. ಅವತ್ತು ಮೇಜಿನ ಮೇಲಿದ್ದುದು ತಮ್ಮದೇ ಊರಿನ ಬೀದಿಗಳಲ್ಲಿ ನಡೆಯುವ ಪ್ರೇಮಸಾಹಸದ ಕಾದಂಬರಿ. ಏಳನೇ ಫಾರಂ ತುಂಬ ನಾಯಕ ನಾಯಕಿಯ ಕೈ ಹಿಡಿದು ಓಡುವುದೇ ಓಡುವುದು. ಪ್ರೇಮವೆಂದರೆ ಇವನಿಗೆ ಗೊತ್ತಿದ್ದುದೂ ಅಷ್ಟೇ.

ಸಂಜೆ ಚೀಲ ಹಿಡಿದು ಹೊರಟವಳಿಗೆ ಅಡ್ಡ ನಿಂತ. "ಕೈ ಕೊಡಿ. ಹಿಂದೆ ತಿರುಗಿ ನೋಡ್ಬೇಡಿ."

ಅವಳು ಕೈ ಕೊಟ್ಟಳು. ಇಬ್ಬರೂ ಕಾಲಿಗೆ ಬುದ್ಧಿ ಹೇಳಿದರು. ಅಟ್ಟಿಸಿಕೊಂಡು ಬರಲು ಯಾರೂ ಇರಲಿಲ್ಲ. ಔಷಧಿ ಅಂಗಡಿ ದಾಟಿ ಕ್ಷೌರದಂಗಡಿ ಮುಂದೆ ಹಾಯುವಾಗ, ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೊಬ್ಬ ಎಲ್ಲೋ ಬೆಂಕಿ ಬಿದ್ದಿದೆಯೆಂದು ತಾನೂ ಓಡತೊಡಗಿದ. ಅವನ ಕೊರಳಿನ ಬಟ್ಟೆಗಾಗಿ ಕ್ಷೌರಿಕನೂ ಓಡಿದ. ಈಗ ಕಾದಂಬರಿಗೆ ಒಂದು ಕಳೆ ಬಂತು.

ಬಸ್ ನಿಲ್ದಾಣದಲ್ಲಿ ಇವನು ಗಕ್ಕನೆ ನಿಂತುಬಿಟ್ಟ.

"ಮುಂದೆ?" ಅವಳು ಏದುಸಿರು ಬಿಡುತ್ತಾ ಕೇಳಿದಳು.

"ನನ್ನ ಫಾರಂ ಇಲ್ಲಿಗೆ ಮುಗೀತು. ಕೊನೇದು ನಿಮ್ಮದಲ್ವಾ? ಏನಾಗುತ್ತೆ?"

"ಅವಳು ಬಸ್ ಹತ್ತಿ ಹೋಗ್ತಾಳೆ. ಅವನು ಸುಮ್ನೆ ನೋಡ್ತಾ ನಿಂತಿರ್ತಾನೆ."

ಬಸ್ಸು ಬಂದೇ ಬಂತು. ಅವಳು ಮೆಟ್ಟಿಲಿಗೆ ಕಾಲಿಟ್ಟಳು. ಇವನು ಮುಂದೆ ನುಗ್ಗಿ ಬಾಗಿಲ ಕಂಬಿ ಹಿಡಿದುಕೊಂಡ.

"ಹೋಗ್ಬೇಡಿ," ಎಂದ. "ನೀವಿಲ್ದೆ ಆ ಮೇಜಿನ ಹತ್ರ ನಂಗೆ ಕೂರೋಕಾಗಲ್ಲ."

"ಇದು ಯಾವ ಪುಸ್ತಕದ್ದು?"

"ಯಾವುದರದ್ದೂ ಅಲ್ಲ."

ಅವಳು ಕಾಲು ಕೆಳಗಿಳಿಸಿ, ಚೀಲವನ್ನು ಅವನ ಕೈಗಿತ್ತಳು. "ಹಾಗಾದ್ರೆ ನಡೀರಿ. ಇನ್ನು ಓಡೋಕೆ ನನ್ನ ಕೈಲಾಗಲ್ಲ."