ದೊಡ್ಡವ್ವನ ಸನಾದಿ ಪ್ಲೇಟು

ನಮ್ಮ ದೊಡ್ಡವ್ವ ನೀಲಮ್ಮ ಕೆಟ್ಟುಹೋದ ವಸ್ತುಗಳನ್ನು ಬಯ್ದು ಬಯ್ದು ರಿಪೇರಿ ಮಾಡುತ್ತಿದ್ದಳು. ಅಫಜಲಪುರದ ಅವಳ ಮನೆಗೆ ಯಾವಾಗ ಹೋದರೂ ಒಳಗಿನಿಂದ ಜಗಳದ ದನಿ ಕೇಳಬೇಕು. ಯಾರ ಜೊತೆ ಏನು ನಡೆದಿದೆಯೋ ಎಂದು ಹೊಸ್ತಿಲಲ್ಲೇ ಅಳುಕಿ ನಿಂತರೆ, ಒಳಗೆ ಅವಳೊಬ್ಬಳೇ. ತೊಡೆಯ ಮೇಲೆ ಮಿಕ್ಸರ್, ಕೈಯಲ್ಲಿ ಸ್ಕ್ರೂಡ್ರೈವರ್. "ಯಾಕ ಬೇ, ನಿನ್ನಿ ಶೇಂಗಾ ಹಿಂಡಿ ಚಂದ ಅರದಿ, ಇವತ್ತ ಏನ ಧಾಡಿ ಆಗ್ಯದ ನಿನಗ?" ಮಿಕ್ಸರಿಗೆ ಬೇ, ಫ್ಯಾನಿಗೆ ಲೇ. ಒಂದಕ್ಕೆ ಮಾತ್ರ ಅವಳು 'ರೀ' ಹಚ್ಚಿ ಮಾತಾಡುತ್ತಿದ್ದಳು: ದೊಡ್ಡಪ್ಪನ ಹಳೆಯ ರಿಕಾರ್ಡ್ ಪ್ಲೇಯರ್. ಗಂಡನ ವಸ್ತುವಲ್ಲವೇ, ಅದಕ್ಕೂ ಗಂಡನ ಮರ್ಯಾದೆ.

ದೊಡ್ಡಪ್ಪ ಶರಣಪ್ಪ ಒಂದು ಕಾಲದಲ್ಲಿ ಮದುವೆಗಳಿಗೆ ಮೈಕ್‌ಸೆಟ್ ಕಟ್ಟುತ್ತಿದ್ದ. ಮಣ್ಣೂರಿನಿಂದ ಚೌಡಾಪುರದವರೆಗೆ ತನ್ನ ಭೋಂಗಾ ಸ್ಪೀಕರು ಕೂಗದೆ ಮದುಮಕ್ಕಳ ಮೇಲೆ ಒಂದು ಅಕ್ಕಿಕಾಳೂ ಬಿದ್ದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಅಕ್ಕಿಕಾಳಿನ ಹೊತ್ತಿಗೆ ಸನಾದಿಯ ಪ್ಲೇಟು, ಅಂದರೆ ಶಹನಾಯಿಯ ರಿಕಾರ್ಡು, ಹಚ್ಚುವುದು ಅವನ ಪದ್ಧತಿ. ತನ್ನ ಮದುವೆಗೂ ಅದನ್ನೇ ಹಚ್ಚಿಸಿದ್ದ. "ಮಂದಿ ಎಲ್ಲಾ ನನ್ನ ಮಾರಿ ನೋಡಾಕತ್ತಿದ್ರು, ಇವರೊಬ್ಬರು ಮಶೀನ್ ನೋಡಾಕತ್ತಿದ್ರು" ಎಂದು ದೊಡ್ಡವ್ವ ಬಂದವರೆದುರೆಲ್ಲ ದೂರುತ್ತಿದ್ದಳು.

ಅವನೋ ಮಹಾ ಬಾಯಿಬಡುಕ. ಚಹಾ ಆರಿದ್ದರೂ ಬಯ್ಯಬೇಕು, ಸುಡುತ್ತಿದ್ದರೂ ಬಯ್ಯಬೇಕು. ದೊಡ್ಡವ್ವ ಒಂದಕ್ಕೆರಡು ತಿರುಗಿ ಕೊಡುತ್ತಿದ್ದಳು. ಅವರ ಸಂಸಾರ ನಡೆದದ್ದೇ ಹಾಗೆ. ಆದರೆ ಕಿವಿ ಮಂದವಾಗುತ್ತ ಬಂದಂತೆ ದೊಡ್ಡಪ್ಪ ಮಾತನ್ನೂ ಬಿಟ್ಟ. ತನ್ನ ದನಿ ತನಗೇ ಕೇಳದಿದ್ದರೆ ಬಯ್ದು ಏನು ಸುಖ? ಕಲಬುರಗಿಯ ಡಾಕ್ಟರು, ಉಳಿದಷ್ಟೂ ಹೋಗುತ್ತದೆ ಎಂದುಬಿಟ್ಟರು. ಕಿವಿಗೆ ಕೊಟ್ಟ ಮಶೀನು ಬರೀ ಗುರ್ ಎನ್ನುತ್ತದೆಂದು ಗೂಡಿನಲ್ಲಿಟ್ಟ. ಪಡಸಾಲೆಯ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತ ಅವನನ್ನು ನೋಡಲಾಗದೆ ನಾನೇ ಅಡುಗೆಮನೆಗೆ ಎದ್ದುಹೋಗುತ್ತಿದ್ದೆ. ಇಡೀ ದಿನ ನೋಡುವವಳ ಗತಿ ಏನಾಗಿರಬೇಡ!

"ಕಿವಿ ಪೂರಾ ಹೋಗೂದರಾಗ ಆ ಸನಾದಿ ಕೇಳಸ್ತೇನಿ. ಅವರ ಮಶೀನ್ ಮ್ಯಾಲೇ ಕೇಳಸ್ತೇನಿ" ಎಂದಳು ಒಂದು ದಿನ.

ನಾನು ಜೇವರ್ಗಿಯಲ್ಲಿ ಶಾಲೆಯ ಟೀಚರು. ಬುದ್ಧಿ ಹೇಳುವುದು ಚಟ. "ಫೋನಿನ್ಯಾಗ ಹಚ್ಚಿದ್ರ ಆತಲ್ಲ ದೊಡ್ಡವ್ವ, ಬೇಕಾದಷ್ಟು ಸನಾದಿ ಸಿಗ್ತಾವ" ಎಂದೆ.

"ನಿನ್ನ ಫೋನಿನ್ಯಾಗ ನನ್ನ ಲಗ್ನದ ಪ್ಲೇಟ್ ಅದ ಏನು? ಸುಮ್ಮ ಕುಂದ್ರು."

ಆಳಂದದಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುವವರೊಬ್ಬರಿದ್ದಾರೆಂದು ಕೇಳಿ, ಪ್ಲೇಯರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಸ್ಸಿನಲ್ಲಿ ಹೋದಳು. ಅವರು ಪ್ಲೇಟು ಕೂರಿಸುವ ತಟ್ಟೆ ತಿರುಗಿಸಿ ನೋಡಿದರು. ಅದು ಅಲುಗಲೇ ಇಲ್ಲ. "ಪೂರಾ ಜಾಮ್ ಆಗ್ಯದ್ರಿ ಅವ್ವಾರ, ಗುಜರಿಗೆ ಹಾಕ್ರಿ" ಎಂದರು. ದೊಡ್ಡವ್ವ ಕುದಿಯುತ್ತ ವಾಪಸು ಬಂದಳು. "ಗುಜರಿಗೆ ಅವನ್ನ ಹಾಕಬೇಕು" ಎನ್ನುತ್ತಲೇ ಹಳೆಯ ಸೀರೆ ಹಾಸಿ, ಅದರ ಮೇಲೆ ಪ್ಲೇಯರನ್ನು ಬಿಚ್ಚಲು ಕೂತಳು. ರಜೆಗೆ ಬಂದಿದ್ದ ನಾನು ಪಕ್ಕದಲ್ಲಿದ್ದೆ. ಜಗ್ಗಿ ಜಗ್ಗಿ ತಟ್ಟೆ ಮೇಲೆ ಎತ್ತಿದರೆ, ನಡುವಿನ ಕಡ್ಡಿಯ ಸುತ್ತ ಬೆಲ್ಲದ ಪಾಕದಂಥ ಕಂದು ಅಂಟು. ಬೆರಳಲ್ಲಿ ಕೆರೆದು ಮೂಸಿ ನೋಡಿದಳು. ಅದು ಕುಸುಬಿ ಎಣ್ಣೆ.

ಆದದ್ದು ಇಷ್ಟು. ಮೈಕಿನ ದಂಧೆ ನಿಂತು ಪ್ಲೇಯರ್ ಅಟ್ಟ ಸೇರಿದ ಮೇಲೂ ಪ್ರತಿ ಮಹಾನವಮಿಗೆ ಅವಳು ಅದನ್ನು ಇಳಿಸಿ, ವಿಭೂತಿ ಬಳಿದು ಪೂಜೆ ಮಾಡಿ, ಚೆನ್ನಾಗಿರಲಿ ಎಂದು ಒಳಗೆ ಗಾಣದ ಕುಸುಬಿ ಎಣ್ಣೆ ಬಿಡುತ್ತಿದ್ದಳು. ನಮ್ಮ ಕಡೆ ಒಗ್ಗರಣೆಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಮಶೀನಿಗೆ ಬೇರೆ ಯಾಕೆ? ಆದರೆ ಆ ಎಣ್ಣೆ ಒಣಗಿದರೆ ಅಂಟಾಗುತ್ತದೆ. ವರ್ಷವರ್ಷದ ಭಕ್ತಿಯೆಲ್ಲ ಅಲ್ಲಿ ಕೂತು ಬಿಗಿದುಕೊಂಡಿತ್ತು.

"ಅಯ್ಯ ಶಿವನೇ, ನಾನೇ ಉಣಿಸಿ ಉಣಿಸಿ ಕೊಂದೇನಲ್ಲ ಇವರನ್ನ!" ಎಂದಳು. ಅಳುತ್ತಾಳೆ ಅಂದುಕೊಂಡೆ. ಎಲ್ಲಿಯ ಅಳು! ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಕಟ್ಟಿಹಾಕಿದಾಕಿ ನಾನೇ, ಬಿಡಸಾಕಿನೂ ನಾನೇ."

ಸೀಮೆಎಣ್ಣೆಯ ಬಟ್ಟೆ ಸುತ್ತಿಡುವಳು, ಕೆರೆಯುವಳು, ಮತ್ತೆ ಸುತ್ತಿಡುವಳು. "ಹಟ ಮಾಡಬ್ಯಾಡ್ರಿ, ನನ್ನ ಹಟ ನಿಮಗ ಗೊತ್ತಿಲ್ಲ" ಎಂದು ಅದಕ್ಕೆ ತಾಕೀತು. ಕೊನೆಗೊಂದು ದಿನ ಜೇವರ್ಗಿಗೆ ಫೋನು: "ತಿರಗ್ತು!" ಅಷ್ಟೇ ಹೇಳಿ ಇಟ್ಟಳು. ಹೊಲಿಗೆ ಮಶೀನಿನ ತೆಳು ಎಣ್ಣೆ ಬಿಟ್ಟಳು. ತಟ್ಟೆ ತಿರುಗಿಸುವ ಪುಟ್ಟ ರಬ್ಬರ್ ಗಾಲಿ ಕಲ್ಲಾಗಿ ಜಾರುತ್ತಿತ್ತು. ಮರಳು ಕಾಗದದಿಂದ ಉಜ್ಜಿ ಅದಕ್ಕೆ ಹಿಡಿತ ತಂದಳು. ಪ್ಲೇಟಿನ ಮೇಲೆ ಓಡುವ ಮುಳ್ಳು ಸವೆದಿತ್ತು. ಸೊಲ್ಲಾಪುರದ ಹಳೆ ಬಜಾರೆಲ್ಲ ಅಲೆದು ನಾನು ತಂದ ಮುಳ್ಳು ಕೂರಲಿಲ್ಲ. "ಮತ್ತ ಹೋಗು" ಎಂದಳು. ಹೋದೆ. ಅವಳ ಮುಂದೆ ಇಲ್ಲ ಅನ್ನುವ ಎದೆ ಯಾರಿಗಿತ್ತು?

ಈ ರಿಪೇರಿ ನಡೆದಷ್ಟು ದಿನವೂ ದೊಡ್ಡಪ್ಪ ಕುರ್ಚಿ ತಿರುಗಿಸಿಕೊಂಡು, ನಮ್ಮ ಕಡೆ ಬೆನ್ನು ಮಾಡಿ ಕೂರುತ್ತಿದ್ದ. ನನಗೆ ಸಿಟ್ಟು ಬಂತು. ದೊಡ್ಡವ್ವನಿಗೆ ಬರಲಿಲ್ಲ. "ಹಚ್ಚಿದ ಮ್ಯಾಲೂ ಕೇಳಿಸದಿದ್ರ ಅಂತ ಅಂಜ್ಯಾರ. ನಾನೂ ಅಂಜೇನಿ. ಅಂಜಿ ಕುಂತ್ರ ಕಿವಿ ನಿಲ್ತದೇನು?" ಎಂದು ಮತ್ತೆ ಸ್ಕ್ರೂ ತಿರುವತೊಡಗಿದಳು.

ಪ್ಲೇಟು ಹಚ್ಚಿದ ಮಧ್ಯಾಹ್ನವೇ ನಾನು ಅವಳನ್ನು ಕೊನೆಯದಾಗಿ ಕಂಡದ್ದು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ದೊಡ್ಡವ್ವನ ನೆನಪಾದರೆ ಈಗಲೂ ಮೊದಲು ಕಣ್ಣಿಗೆ ಬರುವುದು ಆ ಮಧ್ಯಾಹ್ನವೇ.

ಮೈಕ್‌ಸೆಟ್ಟಿನ ಹಳೆಯ ಆಂಪ್ಲಿಫೈಯರಿಗೆ ಭೋಂಗಾ ಜೋಡಿಸಿ, ಎಲ್ಲವನ್ನೂ ದೊಡ್ಡಪ್ಪನ ಕುರ್ಚಿಯ ಮಗ್ಗುಲಲ್ಲೇ ಮೇಜಿನ ಮೇಲೆ ಇಟ್ಟಿದ್ದಳು. ಮುಳ್ಳು ಇಳಿಸಿದಳು. ಮೊದಲು ಚರಚರ ಸದ್ದು, ಹಿಂದೆಯೇ ಸನಾದಿ. ನನ್ನ ಕಣ್ಣು ತುಂಬಿ ಬಂತು. ದೊಡ್ಡಪ್ಪ ಗೋಡೆಯನ್ನೇ ನೋಡುತ್ತಿದ್ದ. ಅವಳು ದನಿ ಏರಿಸಿದಳು. ಗೋಡೆಯ ಮಾಡದಲ್ಲಿನ ಡಬ್ಬಿಗಳು ನಡುಗಿದವು. ಯಾರ ಮದುವೆ ಎಂದು ಬಾಜೂ ಮನೆಯವರು ಬಾಗಿಲಿಗೆ ಬಂದರು. ಅವನು ಅಲುಗಲಿಲ್ಲ. "ಸಾಕು ಬಿಡು ದೊಡ್ಡವ್ವ" ಎಂದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ತುಟಿ ಕಚ್ಚಿ ಗುಂಡಿಯನ್ನು ಕೊನೆತನಕ ತಿರುವಿದಳು.

ದೊಡ್ಡಪ್ಪ ಕುರ್ಚಿಯ ಕೈ ಹಿಡಿದು ಸರಕ್ಕನೆ ಹೊರಳಿದ. ಮುಖ ಕೆಂಪೇರಿತ್ತು.

"ಏ ನೀಲಾ! ಸಣ್ಣಗ ಮಾಡ ಬೇ! ಊರ ಮಂದಿ ಎಲ್ಲಾ ಕಿವುಡ ಆಗ್ಯಾರೇನು?"

ದೊಡ್ಡವ್ವ ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಸೆರಗೆಳೆದು ಕಣ್ಣೊರೆಸಿಕೊಂಡಳು. ಅವನ ಕಿವಿಯ ಹತ್ತಿರ ಬಾಗಿ ಜೋರಾಗಿ ಕೂಗಿದಳು:

"ಏನಂದ್ರಿ? ಇನ್ನೊಮ್ಮೆ ಬೈರಿ!"