ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತಿದ್ದ ಅಕ್ಕೋರು

ಸುವರ್ಣಾ, ಶಶಾಂಕ, ನಿಮ್ಮ ಅಜ್ಜನ ಅಕ್ಕನ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಟೈಪ್‌ರೈಟರಿನ ಗುಂಡಿಗಳನ್ನು ವರ್ಷಗಟ್ಟಲೆ ಕುಟ್ಟಿ ಹಾಗಾಗಿದ್ದವು. ಸಾರಿಗೆ ಉಪ್ಪು ಹಾಕುವಾಗ ಚಿಟಿಕೆಯಲ್ಲಿ ನಿಲ್ಲದೆ ಅರ್ಧ ಒಲೆಯ ಪಾಲಾಗುತ್ತಿತ್ತು. ಹಣೆಗೆ ಕುಂಕುಮ ಹಚ್ಚಿಕೊಂಡರೆ ಬೊಟ್ಟು ದುಂಡಗಾಗದೆ, ಯಾರೋ ಒರೆಸಲು ಹೋಗಿ ನಡುವೆ ಬಿಟ್ಟ ಹಾಗೆ ಅಗಲವಾಗಿ ಕೂರುತ್ತಿತ್ತು. ಟೈಪಿಂಗ್ ಕಲಿಯಲು ಬಂದ ಹುಡುಗಿಯರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರೆ, "ನನ್ನ ಹಣಿ ಏನ್ ನೋಡ್ತೀರಿ, ನಿಮ್ಮ ಹಾಳಿ ನೋಡ್ಕೋರಿ" ಎನ್ನುತ್ತಿದ್ದರು.

ನೀವು ಅವರನ್ನು ಕಂಡಿಲ್ಲ. ಮನೆಯಲ್ಲಿರುವ ಒಂದೇ ಫೋಟೋದಲ್ಲಿ ಅವರು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಾರೆ. ಅದಕ್ಕೇ ಬೆರಳಿನ ಮಾತನ್ನು ಮೊದಲು ಬರೆದೆ. ಮೊಣಕಾಲು ನೋವು, ಕಣ್ಣು ಮಂಜು. ಒಂದು ಪುಟ ಬರೆದರೆ ಒಂದು ದಿನ ಮಲಗಬೇಕಾಗುತ್ತದೆ. ಆದರೂ ಇದನ್ನು ಬರೆಯುವವರು ನನ್ನ ಬಿಟ್ಟರೆ ಬೇರೆ ಯಾರೂ ಉಳಿದಿಲ್ಲ.

ಶಹರದ ಬ್ರಹ್ಮಪುರ ಓಣಿಯ ಮನೆಯ ಮುಂದಿನ ಕೋಣೆಯಲ್ಲಿ ಅವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಮದುವೆಯಾಗಿರಲಿಲ್ಲ, ಅವರ ತಾಯಿ, ಅಂದರೆ ನಮ್ಮ ಅತ್ತೆ, ಅವರ ಜೊತೆಗೇ ಇದ್ದರು. ಊರಿಗೆಲ್ಲ ಅಕ್ಕೋರು, ಅಂದರೆ ಕಲಿಸುವವರು. ನನಗೆ ಗಂಡನ ಅಕ್ಕ. ನಾನೂ ಅಕ್ಕೋರು ಎಂದೇ ಕರೆದೆ, ಎರಡು ಸಂಬಂಧಕ್ಕೂ ಒಂದೇ ಹೆಸರು ಸಾಕಾಯಿತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಮ್ಮ ಊರಾದ ಕಮಲಾಪುರಕ್ಕೆ ಬಂದು, ನನ್ನನ್ನೂ ನಿಮ್ಮ ಅಪ್ಪನನ್ನೂ ಬಸ್ಸು ಹತ್ತಿಸಿ ಕರೆದುಕೊಂಡು ಹೋದವರು ಅವರೇ. ನಾನು ಓದಿದ್ದು ಊರ ಸಾಲೆಯ ಏಳನೇ ಇಯತ್ತೆ. ಗಿರಾಕಿ ಬಂದರೆ ಬಾಗಿಲ ಹಿಂದೆ ನಿಂತು, ಅಕ್ಕೋರು ಇಲ್ಲ ಎನ್ನುವುದಕ್ಕೂ ನಾಚುತ್ತಿದ್ದೆ. ಒಂದು ದಿನ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು.

"ಬಾಯಿ ಇಲ್ಲಂದ್ರ ಬ್ಯಾಡ ಬಿಡು ತಂಗಿ. ಬೆರಳ ಅದಾವಲ್ಲ."

ಹೀಗೆ ನಾನು ಟೈಪ್ ಕಲಿತೆ. ವರ್ಷಗಳು ಅದರಲ್ಲಿಯೇ ಹೋದವು. ಎರಡು ಸಾವಿರನೇ ಇಸವಿಯ ಆಸುಪಾಸು ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ ಕಂಪ್ಯೂಟರು ಬಂತು. ಲಗ್ನಪತ್ರಿಕೆ, ಅರ್ಜಿ, ಕಾಲೇಜಿನವರ ಪ್ರಬಂಧ, ಎಲ್ಲವನ್ನೂ ನಾವಿಬ್ಬರೇ ಮಾಡುತ್ತಿದ್ದೆವು. ಬೆಳಿಗ್ಗೆ ಕೂತರೆ ಸೊಂಟ ಮರಗಟ್ಟುವವರೆಗೂ ಏಳುತ್ತಿರಲಿಲ್ಲ.

ಆ ದಿನಗಳಲ್ಲಿ ಕಮಲಾಪುರದ ಕಡೆಯ ಒಬ್ಬ ಹುಡುಗಿ ಪಿಎಚ್‌.ಡಿ ಪ್ರಬಂಧ ಟೈಪ್ ಮಾಡಿಸಲು ಬರುತ್ತಿದ್ದಳು. ಮದುವೆಯಾದವಳು, ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುವವಳು. ತಿದ್ದುಪಡಿಗಳನ್ನು ಕಾಗದದ ಮೇಲೆ ಬರೆಯಲು ಅವಳಿಗೆ ಮನೆಯಲ್ಲಿ ಬಿಡುವಿರಲಿಲ್ಲ. ನನ್ನ ಪಕ್ಕ ಕೂತು ಬಾಯಲ್ಲೇ ಹೇಳುತ್ತಿದ್ದಳು, ನಾನು ಒತ್ತುತ್ತಿದ್ದೆ. ಅವಳು ಹೊಸದಾಗಿ ಯೋಚಿಸಿದ್ದೆಲ್ಲ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತಿತ್ತು.

ಒಂದು ಬೆಳಿಗ್ಗೆ ಕಂಪ್ಯೂಟರು ಏಳಲಿಲ್ಲ. ಸ್ಟೇಶನ್ ಬಜಾರದಿಂದ ರಿಪೇರಿಯವರು ಬಂದು ನೋಡಿ, ಒಳಗಿನ ಹಾರ್ಡ್ ಡಿಸ್ಕು ಸತ್ತಿದೆ, ಅದರಲ್ಲಿದ್ದದ್ದು ಸಿಗುವುದಿಲ್ಲ ಎಂದರು. ಹೊಸ ಡಿಸ್ಕು ಹಾಕಿದರು. ಆದರೆ ಅದು ಬರೀ ಖಾಲಿ. ಕನ್ನಡ ಅಕ್ಷರ ತುಂಬಿಸಿದರೆ ಪ್ರಿಂಟರು ಮಾತು ಕೇಳಲಿಲ್ಲ, ಪ್ರಿಂಟರು ಕೇಳಿದರೆ ಒತ್ತಕ್ಷರಗಳು ಸಾಲು ಬಿಟ್ಟು ಹಾರಿದವು. ಎಲ್ಲ ಮೊದಲಿನ ಹಾಗಾಗುವಷ್ಟರಲ್ಲಿ ವಾರಗಳೇ ಹೋದವು, ಗಿರಾಕಿಗಳು ಬೇರೆ ಕಡೆ ಹೋದರು. ಹುಡುಗಿ ಬಂದಾಗ ಅಕ್ಕೋರು ಸುತ್ತಿ ಬಳಸಿ ಮಾತಾಡಲಿಲ್ಲ.

"ಎಲ್ಲಾ ಹೋಗ್ಯದವ್ವಾ. ತಪ್ಪು ನಂದು. ಒಂದೇ ಡಬ್ಬ್ಯಾಗ ಇಟ್ಟು ಕುಂತಿದ್ದೆ."

ಹುಡುಗಿ ಅಳಲಿಲ್ಲ. "ನಮ್ಮ ಮಾವ ಬರೋ ಬ್ಯಾಸಿಗಿ ತನಕ ಅಂತ ಹೇಳ್ಯಾರ್ರಿ ಅಕ್ಕೋರೆ. ಅದು ದಾಟಿದ್ರ ಓದು ಬಂದ್" ಎಂದಳು. ಚೀಲದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತೆಗೆದು ಮೇಜಿನ ಮೇಲಿಟ್ಟಳು. "ತಿನ್ರಿ. ಹಣ್ಣಾಗ್ಯಾವ, ನಾಳಿಗೆ ಉಳಿಯಂಗಿಲ್ಲ."

ಆ ಹಣ್ಣು ಅಂದು ನಮ್ಮಿಬ್ಬರಿಗೂ ಸೇರಲಿಲ್ಲ. ಮರುದಿನ ಅಕ್ಕೋರು ಇನ್ನೊಂದು ಡಿಸ್ಕು ತಂದರು. ಹೊಸದಾಗಿ ಹಾಕಿದ್ದರ ಅವಳಿಯೇ, ಅಷ್ಟೇ ಅಳತೆ, ಅದೇ ಬಣ್ಣ. ಬರೀ ಕೆಲಸದ ಕಡತಗಳನ್ನಲ್ಲ, ಇಡೀ ಡಿಸ್ಕನ್ನೇ ಅದರ ಮೇಲೆ ಇಳಿಸಿಡಬೇಕು. ಅಕ್ಷರ, ಪ್ರಿಂಟರು, ಪ್ರಬಂಧ, ಎಲ್ಲವೂ ಇದ್ದಲ್ಲೇ ಇದ್ದ ಹಾಗೆ. ಒಂದು ಸತ್ತರೆ ಇನ್ನೊಂದನ್ನು ಆ ಜಾಗಕ್ಕೆ ಸಿಕ್ಕಿಸಿದರೆ ಮುಗಿಯಿತು, ಯಾರನ್ನೂ ಕರೆಯುವುದು ಬೇಡ, ಮತ್ತೆ ಏನನ್ನೂ ತುಂಬುವುದು ಬೇಡ. ರಿಪೇರಿಯವರ ಹತ್ತಿರ ಕೂತು ಅದನ್ನು ಕಲಿತುಕೊಂಡು ಬಂದರು, ಬಂದು ನನಗೆ ಕಲಿಸಿದರು.

ಎರಡನ್ನೂ ಗುರುತಿಸಲು ಚೀಟಿ ಅಂಟಿಸಿದೆವು. ಪೆಟ್ಟಿಗೆಯೊಳಗಿನ ಕಾವಿಗೆ ಗೋಂದು ಬಿಟ್ಟು ಚೀಟಿ ಉದುರಿತು. ಆಗ ಅಕ್ಕೋರು ದೇವರ ಜಗಲಿಯಿಂದ ಎರಡು ಬಟ್ಟಲು ತಂದು, ದುಡಿಯುವ ಡಿಸ್ಕಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ಕಾಯುವ ಡಿಸ್ಕಿಗೆ ವಿಭೂತಿ ಹಚ್ಚಿದರು. ಕುಂಕುಮ ಅವರ ಹಣೆಯ ಮೇಲಿದ್ದ ಹಾಗೆಯೇ ಅಗಲವಾಗಿ ಬಿತ್ತು. ವಿಭೂತಿಯದನ್ನು ನನ್ನ ಟ್ರಂಕಿನಲ್ಲಿ, ನಿಮ್ಮ ಅಜ್ಜನ ಧೋತರದ ತುಂಡಿನಲ್ಲಿ ಸುತ್ತಿಟ್ಟೆ.

"ಇದು ನಿನ್ನ ಹಂಗೇ ನೋಡ್ ತಂಗಿ" ಎಂದರು. "ಹಣಿಮ್ಯಾಲ ವಿಭೂತಿ, ಬಾಯಾಗ ಮಾತಿಲ್ಲ, ಹೊಟ್ಟ್ಯಾಗ ಎಲ್ಲಾ ಅದ."

ಬೇರೆ ಯಾರಾದರೂ ಅಂದಿದ್ದರೆ ಒಳಗೆ ಹೋಗಿ ಅಳುತ್ತಿದ್ದೆ. ಅವರು ಅಂದಾಗ ನಗು ಬಂತು. ನಕ್ಕು ಬಹಳ ದಿನವಾಗಿತ್ತು.

ಪ್ರತಿ ಅಮಾವಾಸ್ಯೆಗೆ ಅಂಗಡಿಗಳವರು ತಕ್ಕಡಿ, ಹಣದ ಗಲ್ಲೆಗೆ ಪೂಜೆ ಮಾಡುವಾಗ, ನಮ್ಮ ಮನೆಯಲ್ಲಿ ಎರಡೂ ಡಿಸ್ಕುಗಳನ್ನು ಜಗಲಿಯ ಮುಂದಿಟ್ಟು ಊದಿನಕಡ್ಡಿ ಬೆಳಗುತ್ತಿದ್ದೆವು. ಮಧ್ಯಾಹ್ನ ಅಕ್ಕೋರು ಪೆಟ್ಟಿಗೆ ಬಿಚ್ಚುವರು. ಒಳಗಿನ ಪಟ್ಟಿಯಂಥ ಕೇಬಲ್ಲಿಗೆ ಎರಡು ಬಾಯಿ. ತುದಿಯ ಬಾಯಿಗೆ ಕುಂಕುಮದ್ದು, ನಡುವಿನ ಬಾಯಿಗೆ ವಿಭೂತಿಯದು. ನಕಲು ಮಾಡುವ ಫ್ಲಾಪಿ ಹಾಕಿದರೆ ಪರದೆಯ ಮೇಲೆ ಎರಡು ಸಾಲು ಬರುತ್ತಿತ್ತು. ಅವಳಿಗಳಾದ್ದರಿಂದ ಸಾಲುಗಳೂ ಒಂದೇ ಥರ, ತುದಿಯ ಬಾಯಿಯದು ಒಂದನೆಯದು, ನಡುವಿನದು ಎರಡನೆಯದು ಎಂಬುದಷ್ಟೇ ಫರಕು. ಒಂದನೆಯದರಿಂದ ಎರಡನೆಯದಕ್ಕೆ ಇಳಿಸಬೇಕು. ಇಲ್ಲಿ ತಪ್ಪಿದರೆ ಹೋದ ತಿಂಗಳ ಹಳೆಯದು ಈ ತಿಂಗಳ ಹೊಸದರ ಮೇಲೆ ಇಳಿದು, ಎರಡೂ ಹಳೆಯವಾಗುತ್ತವೆ.

ಅದಕ್ಕೇ ಗುಂಡಿ ಒತ್ತುವ ಮೊದಲು ಅವರು ಬಸ್ಸಿನ ಕಂಡಕ್ಟರನ ಹಾಗೆ ಕೇಳುತ್ತಿದ್ದರು. "ಎಲ್ಲಿಂದ ಎಲ್ಲಿಗೆ?"

ನಾನು ಪೆಟ್ಟಿಗೆಯೊಳಗೆ ಇಣುಕಿ ನೋಡಿ ಹೇಳಬೇಕು, "ಕುಂಕುಮದಿಂದ ವಿಭೂತಿಗ್ರೀ."

"ಕೇಳಸ್ಲಿಲ್ಲ. ಹಿಂದಿನ ಸೀಟಿನವರೂ ಕೇಳಬೇಕು."

"ಕುಂಕುಮದಿಂದ ವಿಭೂತಿಗ್ರೀ."

ಮೊದಮೊದಲು ಇದು ನನ್ನ ನಾಚಿಕೆ ಬಿಡಿಸುವ ಆಟ ಎಂದುಕೊಂಡಿದ್ದೆ. ಒಮ್ಮೆ ಬೇಸತ್ತು, ಗೊತ್ತಿದ್ದದ್ದನ್ನೇ ಪ್ರತಿ ಸಲ ಯಾಕೆ ಕೇಳುತ್ತೀರಿ ಎಂದೆ. "ಹುಷಾರಿದ್ದಾಗ ಕೇಳೋ ಮಾತಲ್ಲ ತಂಗಿ ಇದು. ದಣಿದಾಗ ಬೇಕಾಗ್ತದ. ದಣಿದ ಕೈಗೆ ಹಾದಿ ಗೊತ್ತಿರ್ತದ, ದಿಕ್ಕ ಗೊತ್ತಿರಂಗಿಲ್ಲ" ಎಂದರು.

ದಣಿವೇನು ಕಡಿಮೆ ಇರಲಿಲ್ಲ. ನಕಲು ಮುಗಿಯುತ್ತಾ ಬಂದಿರುವಾಗಲೇ ಕರೆಂಟು ಹೋಗುವುದು. ಅರ್ಧ ಇಳಿದದ್ದು ಕೆಲಸಕ್ಕೆ ಬಾರದು, ಮತ್ತೆ ಮೊದಲಿಂದ. ಅಕ್ಕೋರು ಚಾಪೆಯ ಮೇಲೆ ಒರಗಿ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ, "ನಡೀಲಿ, ಬಂದ ಮ್ಯಾಲ ಮತ್ತ ಹಚ್ಚು" ಎನ್ನುವರು. ಇಳಿಸಿದ ಮೇಲೂ ಬಿಡುತ್ತಿರಲಿಲ್ಲ. ಕುಂಕುಮದ್ದನ್ನು ಬಿಚ್ಚಿ, ವಿಭೂತಿಯದನ್ನು ಅದರ ಜಾಗಕ್ಕೆ ಸಿಕ್ಕಿಸಿ, ಕಂಪ್ಯೂಟರು ಎದ್ದು ಒಂದು ಪುಟ ತೆರೆದ ಮೇಲೆಯೇ ಅದು ನನ್ನ ಟ್ರಂಕಿಗೆ. "ಟ್ರಂಕಿನ್ಯಾಗ ಅದ ಅಂದ್ರ ಅದ ಅಂತಲ್ಲ. ಎಬ್ಬಿಸಿದ್ರ ಏಳಬೇಕು."

ಹುಡುಗಿಯ ಗಡುವಿನ ಬೇಸಿಗೆ ಬಂತು. ಅಷ್ಟರಲ್ಲಿ ಅಕ್ಕೋರಿಗೆ ಮೂತ್ರಪಿಂಡದ ಕಾಯಿಲೆ ಎಂದು ಗೊತ್ತಾಗಿತ್ತು. ಕಾಲು ಊದಿಕೊಳ್ಳುತ್ತಿದ್ದವು, ಜ್ವರ ಬಂದು ಹೋಗುತ್ತಿತ್ತು. ಹುಡುಗಿ ಮತ್ತೆ ಮೊದಲಿಂದ ಹೇಳಿ ಬರೆಸಿದ ಪ್ರಬಂಧದ ತಿದ್ದುಪಡಿಯೆಲ್ಲ ಮುಗಿದಿತ್ತು, ಪ್ರಿಂಟು ತೆಗೆಯುವುದು ಮಾತ್ರ ಉಳಿದಿತ್ತು. ಅಮಾವಾಸ್ಯೆಯ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ ಪೂಜೆ ಮುಗಿದಿತ್ತು, ಅಕ್ಕೋರು ಪೆಟ್ಟಿಗೆ ಬಿಚ್ಚಿ ಎರಡನ್ನೂ ಸಿಕ್ಕಿಸಿಕೊಂಡು ಕೂತಿದ್ದರು. ಮುಖ ಜ್ವರಕ್ಕೆ ಕೆಂಪಾಗಿತ್ತು. ಬೆರಳು ಗುಂಡಿಯ ಮೇಲಿತ್ತು.

"ಬಾ ತಂಗಿ. ಎಲ್ಲಿಂದ ಎಲ್ಲಿಗೆ?"

ಇಣುಕಿದೆ. ಎರಡರ ಮೇಲೂ ಕುಂಕುಮ. ಬಗ್ಗಿ ಮತ್ತೆ ನೋಡಿದೆ. ನಡುವಿನ ಬಾಯಿಯಲ್ಲಿದ್ದದ್ದರ ಮೇಲೆ ಅಗಲವಾದ ಹಳೆಯ ಕಲೆ. ತುದಿಯ ಬಾಯಿಯಲ್ಲಿದ್ದದ್ದರ ಮೇಲೆ ದುಂಡಗಿನ ಹೊಸ ಬೊಟ್ಟು. ಹಿರಿಯರು, ಕಲಿಸಿದವರು, ಮೈ ಸುಡುತ್ತಿರುವಾಗಲೂ ಕೂತವರು. ಅವರಿಗೆ ತಪ್ಪು ಎಂದು ಹೇಳುವ ಮಾತು ನನ್ನ ಬಾಯಲ್ಲಿ ಇರಲೇ ಇಲ್ಲ.

"ಯಾಕ, ಬಸ್ ಹತ್ತಂಗಿಲ್ಲೇನು? ಎಲ್ಲಿಂದ ಎಲ್ಲಿಗೆ?"

"ತಡೀರಿ ಅಕ್ಕೋರೆ. ಉಲ್ಟಾ ಆಗ್ಯದ್ರಿ."

"ಏನಂದಿ?"

"ಟ್ರಂಕಿನ್ಯಾಗಿಂದು ಕುಂಕುಮದ ಜಾಗದಾಗ ಅದ್ರಿ. ಆ ಬೊಟ್ಟು ನೀವು ಹಚ್ಚಿದ್ದಲ್ಲ. ದುಂಡಗ ಅದ."

ಕಾದ ಹಂಚಿನ ಮೇಲಿಂದ ತೆಗೆದ ಹಾಗೆ ಬೆರಳು ತೆಗೆದರು. ಕಂಪ್ಯೂಟರು ಆರಿಸಿದರು. ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿ, ಆಮೇಲೆ ತಮ್ಮ ಬೆರಳ ತುದಿ ನೋಡಿಕೊಂಡರು.

"ಅವ್ವಾ, ಇದರ ವಿಭೂತಿ ನೀ ಒರಸಿದಿ?"

ನಮ್ಮ ಅತ್ತೆ ಅಡುಗೆ ಮನೆಯಿಂದ, "ಹೂಂ. ಒರಸಿ ಕುಂಕುಮ ಹಚ್ಚೀನಿ. ಅಮಾಸಿ ದಿನ ಲಕ್ಷ್ಮಿ ಬರೇ ಹಣಿಲೆ ಇರಬಾರ್ದಲ್ಲ" ಎನ್ನುತ್ತ ಹೊರಗೆ ಬಂದರು. ಬಂದವರು ನನ್ನ ಹಣೆ ನೋಡಿ ತಡವರಿಸಿದರು. "ನಿನಗಂದಿಲ್ಲವಾ ನಾ."

"ಅದು ಬರೇ ಹಣಿ ಅಲ್ಲವ್ವಾ" ಎಂದರು ಅಕ್ಕೋರು ಮೆಲ್ಲಗೆ. "ವಿಭೂತಿ ಇತ್ತು." ನನ್ನ ಕಡೆ ತಿರುಗಿ, "ಇನ್ಮ್ಯಾಲ ಗುಂಡಿ ನೀ ಒತ್ತು. ನಾ ಕೇಳ್ತೀನಿ" ಎಂದು ಎದ್ದು ಜಾಗ ಬಿಟ್ಟುಕೊಟ್ಟರು. ದುಂಡು ಬೊಟ್ಟನ್ನು ತಾವೇ ಒರೆಸಿ ವಿಭೂತಿ ಹಚ್ಚಿ, ಎರಡನ್ನೂ ಸರಿಯಾದ ಬಾಯಿಗೆ ಸಿಕ್ಕಿಸಿದರು. ಅಂದು ಒತ್ತಿದವಳು ನಾನೇ.

ಅದೇ ವಾರದಲ್ಲಿ ಹುಡುಗಿ ಪ್ರಿಂಟು ತೆಗೆಸಲು ಬಂದಳು. ಮರುದಿನ ಒಪ್ಪಿಸಬೇಕು. ಅಕ್ಕೋರು ಒಳಗಿನ ಕೋಣೆಯಲ್ಲಿ ಮಲಗಿದ್ದರು. ಪ್ರಿಂಟರು ಅರ್ಧ ಹಾಳೆ ಹೊರಗೆ ಹಾಕಿ ನಿಂತಿತು. ಪೆಟ್ಟಿಗೆಯೊಳಗೆ ಹಲ್ಲಿ ಲೊಚಗುಟ್ಟಿದಂಥ ಸಪ್ಪಳ ಬಂದು, ಪರದೆ ಕಪ್ಪಾಯಿತು. ಹುಡುಗಿ ನನ್ನ ಮುಖ ನೋಡಲಿಲ್ಲ, ಗೋಡೆ ನೋಡತೊಡಗಿದಳು.

"ತಂಗೀ, ಏನದು ಸಪ್ಪಳ?" ಒಳಗಿನಿಂದ ಕೇಳಿದರು.

"ಕುಂಕುಮದ್ದು ಹೋಯ್ತ್ರೀ."

"ನಾ ಏಳ್ಲೇನು?"

"ಬ್ಯಾಡ್ರಿ. ನೀವು ಮಲಗ್ರಿ."

ಟ್ರಂಕು ತೆಗೆದು ಧೋತರದ ತುಂಡು ಬಿಚ್ಚಿದೆ. ಸತ್ತದ್ದನ್ನು ತೆಗೆದು ಇದನ್ನು ತುದಿಯ ಬಾಯಿಗೆ ಸಿಕ್ಕಿಸಿದೆ. ಒಂದು ಸ್ಕ್ರೂ ಕೆಳಗೆ ಬಿತ್ತು, ಅದನ್ನು ಹುಡುಗಿ ಹುಡುಕಿಕೊಟ್ಟಳು. ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂತು, ಆಮೇಲೆ ಬಣ್ಣ ಬಂತು, ಆಮೇಲೆ ಅವಳ ಹೆಸರಿದ್ದ ಮೊದಲ ಪುಟ ಬಂತು. ಅತ್ತೆ ಒಲೆಯ ಮೇಲಿಟ್ಟಿದ್ದ ಚಹಾ ತರುವಷ್ಟರಲ್ಲಿ ಪ್ರಿಂಟರು ಮತ್ತೆ ಓಡುತ್ತಿತ್ತು. "ಯಾಕ, ಎಲ್ಲಾರೂ ಹಿಂಗ ಸುಮ್ಮ ಕುಂತೀರಿ? ಜಗಳಾಡೀರೇನು?" ಎಂದು ಕೇಳಿದರು. ಹುಡುಗಿ ಆಗ ಅತ್ತಳು.

ಸಂಜೆ ಅಕ್ಕೋರು ಗೋಡೆ ಹಿಡಿದು ಹೊರಗೆ ಬಂದರು. ವಿಭೂತಿಯದನ್ನು ತೋರಿಸಿ, "ಈಗ ದುಡಿಯೋದು ಇದೇ ಅಲ್ಲ? ಕುಂಕುಮ ಹಚ್ಚಬೇಕು" ಎಂದು ಬಟ್ಟಲನ್ನು ನನ್ನ ಕಡೆ ಸರಿಸಿದರು. ನಿಮ್ಮ ಅಜ್ಜ ಹೋದ ಮೇಲೆ ನಾನು ಕುಂಕುಮ ಮುಟ್ಟಿರಲಿಲ್ಲ. ಅತ್ತೆ ಅಲ್ಲೇ ಕೂತಿದ್ದರು. ಎದ್ದು ದೀಪ ಹತ್ತಿರ ಸರಿಸಿದರು.

ಬೆರಳು ಅದ್ದಿ ಹಚ್ಚಿದೆ. ದುಂಡಗಾಗಲಿಲ್ಲ. ಅಗಲವಾಗಿ ಬಿತ್ತು. ಆಗ ನೋಡಿಕೊಂಡೆ, ಇಷ್ಟು ವರ್ಷದ ಟೈಪಿಂಗಿನಲ್ಲಿ ನನ್ನ ಬೆರಳ ತುದಿಯೂ ಚಪ್ಪಟೆಯಾಗಿತ್ತು. ಅಕ್ಕೋರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ ನಕ್ಕರು. "ಇನ್ನ ನಾ ಮಲಗಿದ್ರೂ ನಡೀತದ."

ಅವರು ಬಹಳ ಕಾಲ ಉಳಿಯಲಿಲ್ಲ. ಇನ್ನೇನೂ ಮಾಡುವ ಹಾಗಿಲ್ಲ ಎಂದು ದವಾಖಾನೆಯವರು ಹೇಳಿದ ದಿನ ಅವರನ್ನು ಕಮಲಾಪುರಕ್ಕೆ ಕರೆದೊಯ್ಯಲು ಗಾಡಿ ತರಿಸಿದೆವು. ಹಾಸಿಗೆಯಿಂದ ಎತ್ತುವಾಗ ಕಣ್ಣು ತೆರೆದು ನನ್ನನ್ನು ಹುಡುಕಿದರು.

"ಎಲ್ಲಿಂದ ಎಲ್ಲಿಗೆ?"

"ದವಾಖಾನಿಯಿಂದ ಮನಿಗ್ರೀ ಅಕ್ಕೋರೆ."

"ಕೇಳಸ್ಲಿಲ್ಲ."

ಗಟ್ಟಿಯಾಗಿ ಹೇಳಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯಾಗಲಿಲ್ಲ. ಮೂರನೆಯ ದಿನ ಅವರನ್ನು ಊರ ಹೊಲದಲ್ಲಿ, ನಿಮ್ಮ ಅಜ್ಜನ ಪಕ್ಕದಲ್ಲಿ ಮಣ್ಣು ಮಾಡಿದೆವು. ಆಮೇಲೆ ಕಣ್ಣು ಮಂಜಾಗುವವರೆಗೂ ಆ ಕೋಣೆಯನ್ನು ನಾನು ಒಬ್ಬಳೇ ನಡೆಸಿದೆ, ನಿಮ್ಮ ಅಪ್ಪನನ್ನು ಓದಿಸಿದೆ. ಬಾಗಿಲ ಹಿಂದೆ ಮತ್ತೆ ನಿಲ್ಲಲಿಲ್ಲ.

ಈ ಹಾಳೆಗಳನ್ನು ಕೈಯಿಂದಲೇ ಎರಡು ಸಲ ಬರೆದಿದ್ದೇನೆ. ಒಂದು ಸುವರ್ಣಾಳ ಹತ್ತಿರ ಇರಲಿ, ಇನ್ನೊಂದು ಶಶಾಂಕನ ಹತ್ತಿರ. ಜೋಪಾನ ಎಂದರೆ ಕಪಾಟಿನಲ್ಲಿಟ್ಟು ಕೀಲಿ ಹಾಕುವುದಲ್ಲ. ಅಮಾವಾಸ್ಯೆಗೊಮ್ಮೆ ತೆಗೆದು ಒಂದು ಪುಟವನ್ನಾದರೂ ಓದಿ ನೋಡಿ. ಮಸಿ ಮಾಸಿದ್ದು ಕಂಡರೆ ಇನ್ನೊಂದನ್ನು ನೋಡಿ ಬರೆದುಕೊಳ್ಳಿ. ಬರೆಯುವ ಮೊದಲು, ಎಷ್ಟೇ ದಣಿದಿದ್ದರೂ, ಎಲ್ಲಿಂದ ಎಲ್ಲಿಗೆ ಎಂದು ಒಬ್ಬರು ಕೇಳಿ, ಒಬ್ಬರು ಹೇಳಿ. ಗಟ್ಟಿಯಾಗಿ ಹೇಳಿ.